ಬಾಗಿಲಿಗೆ ಇಟ್ಟ ಕಲ್ಲು

ಹುಬ್ಬಳ್ಳಿಯ ಸ್ಟೇಶನ್ ರೋಡಿನ ನೀಲಕಂಠಪ್ಪನವರ ಲಾಡ್ಜಿಗೆ ಏರ್ ಕಂಡೀಶನ್ ಬಂದದ್ದು ಅರವತ್ತಾರರ ಬೇಸಿಗೆಯಲ್ಲಿ. ಮುಂದಿನ ಹಾಲಿನಲ್ಲಿ ಜನ ಇರಲಿ ಬಿಡಲಿ, ಅದರ ಗುಂಡಿ ಕೊನೆಯ ನಂಬರಿಗೇ ತಿರುಗಿರಬೇಕು. ಅದು ಸಾಹುಕಾರರ ಹುಕುಂ. ಬಾಗಿಲು ಮುಚ್ಚಿದ್ದರೆ ಲಾಡ್ಜೇ ಬಂದ್ ಎಂದುಕೊಂಡು ಗಿರಾಕಿಗಳು ತಿರುಗಿ ಹೋಗುತ್ತಿದ್ದರು. ಅದಕ್ಕೇ ಕಲ್ಲೊಂದನ್ನು ಒತ್ತಿಟ್ಟು ಬಾಗಿಲನ್ನು ಸದಾ ತೆರೆದಿಟ್ಟಿದ್ದರು. ಒಳಗಿನ ಥಂಡಿಯೆಲ್ಲ ಹೊರಗಿನ ಟಾಂಗಾ ಕುದುರೆಗಳ ಪಾಲು.

ದಣಿದ ಯಂತ್ರ ವಾರಕ್ಕೊಮ್ಮೆ ನಿಲ್ಲುತ್ತಿತ್ತು. ಆಗ ಅಮ್ಮಿನಬಾವಿಯ ಮೆಕ್ಯಾನಿಕ್ ಯಮನಪ್ಪನಿಗೆ ಕರೆ ಹೋಗುತ್ತಿತ್ತು. ತಪ್ಪು ಆ ಕಲ್ಲಿನದೆಂದು ಅವನಿಗೆ ಮೊದಲ ದಿನವೇ ತಿಳಿದಿತ್ತು. ಹೇಳಲಿಲ್ಲ. ಹೇಳಿದರೆ ಯಂತ್ರ ಕೆಡುವುದಿಲ್ಲ. ಕೆಡದಿದ್ದರೆ ಯಂತ್ರದ ಎದುರಿಗೇ ಕೌಂಟರಿನಲ್ಲಿ ಶಾಲು ಹೊದ್ದು ರಜಿಸ್ಟರ್ ಬರೆಯುವ ಶೇವಂತೆವ್ವಳನ್ನು ನೋಡಲು ನೆಪವಿಲ್ಲ.

“ಮತ್ತ ಬಂದ್ರಿ?” ಎನ್ನುತ್ತಿದ್ದಳು ಅವಳು, ತಲೆ ಎತ್ತದೆ.

“ಮಷಿನ್ ಕರೀತದರಿ, ಬರ್ತೇನಿ.”

ಅವಳ ತುಟಿಯಂಚು ಒಂಚೂರು ಸಡಿಲುತ್ತಿತ್ತು. ಅಷ್ಟರ ಬಲದ ಮೇಲೇ ಅವನು ಮುಂದಿನ ವಾರದ ತನಕ ಕಾಲ ಹಾಕುತ್ತಿದ್ದ.

ಆ ಮಂಗಳವಾರ ಅವಳು ಕೆಮ್ಮುತ್ತಿದ್ದಳು. “ಈ ಥಂಡ್ಯಾಗ ಕುಂದ್ರಬ್ಯಾಡ ಅಂದಾರ ಡಾಕ್ಟರು. ನಾಳಿಂದ ಕೆಲಸಕ್ಕ ಬರೂದುಲ್ಲರಿ.”

ಯಮನಪ್ಪ ನಟ್ಟು ಬಿಚ್ಚುತ್ತಿದ್ದ ಪಾನಾ, ಪಕ್ಕಡ್ ಕೆಳಗಿಟ್ಟ. ತಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಇವಳಿಗೆ ಈ ಶಿಕ್ಷೆ. ಸೀದಾ ಹೋಗಿ ಸಾಹುಕಾರರ ಮುಂದೆ ನಿಂತ.

“ತಪ್ಪು ನಂದರಿ. ಬಾಗಿಲಾ ಮುಚ್ಚಿ, ಗುಂಡಿ ನಡುವಿನ ನಂಬರಿಗೆ ಇಟ್ರ ಮಷಿನ್ ಕೆಡೂದುಲ್ಲ, ಕರೆಂಟೂ ದಂಡ ಆಗೂದುಲ್ಲ. ಆ ಕಲ್ಲು ತಗಸ್ರಿ. ಗೊತ್ತಿದ್ದೂ ಹೇಳಲಿಲ್ಲ.”

“ಕಲ್ಲಾ?” ನೀಲಕಂಠಪ್ಪ ಹುಬ್ಬೇರಿಸಿದರು. “ಲಾಡ್ಜ್ ಚಾಲೂ ಐತಿ ಅಂತ ಬೋರ್ಡ್ ಹಾಕಿಸಿ ತಿಂಗಳಾತು. ದಿನಾ ಸಂಜಿಕ ಆ ಕಲ್ಲು ನಾನ ಹಿತ್ತಲಕ್ಕ ಒಗೀತೇನಿ. ಮುಂಜಾನಿ ನೋಡಿದ್ರ ಬಾಗಿಲಿಗೆ ಬಂದಿರ್ತೈತಿ.”

ಇಬ್ಬರೂ ಕೌಂಟರಿನತ್ತ ತಿರುಗಿದರು. ಶೇವಂತೆವ್ವ ರಜಿಸ್ಟರಿನಲ್ಲಿ ಮುಖ ಹುದುಗಿಸಿದ್ದಳು. ಕಿವಿಗಳು ಕೆಂಪಾಗಿದ್ದವು.

ಸಾಹುಕಾರರು ಗುಂಡಿಯನ್ನು ನಡುವಿನ ನಂಬರಿಗೆ ತಿರುಗಿಸಿ ಒಳಗೆ ನಡೆದರು.

“ಥಂಡಿ ತಿಂದು ಹಿಂಗ್ಯಾಕ ಮಾಡಿದ್ರಿ?” ಯಮನಪ್ಪ ಕೇಳಿದ.

“ಮಷಿನ್ ನೆಟ್ಟಗ ಇದ್ದಿದ್ರ ನೀವು ಬರ್ತಿದ್ರೇನು?”

ಯಮನಪ್ಪ ಬಾಗಿಲಿಗೆ ಹೋಗಿ ಕಲ್ಲನ್ನು ಎತ್ತಿಕೊಂಡ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

“ಇನ್ನ ಮಷಿನ್ ಕೆಡೂದುಲ್ಲ. ಆದ್ರ ನಿಮ್ಮನ್ನ ನೋಡದ ನನಗ ಇರಾಕ ಆಗೂದುಲ್ಲ.”

ಅವಳು ಮೊದಲ ಸಲ ಅವನನ್ನು ನೇರ ನೋಡಿದಳು.

“ಐತವಾರ ಗೋಪನಕೊಪ್ಪಕ್ಕ ಬರ್ರಿ, ಅಪ್ಪ ಮನ್ಯಾಗ ಇರ್ತಾರ. ಪಾನಾ, ಪಕ್ಕಡ್ ಇಲ್ಲೇ ಬಿಟ್ಟು ಬರ್ರಿ.”