ವು ಅಕ್ಷರದ ಕೊಂಬು

ರಸ್ತೆಯ ಆಚೆ ಬದಿಯಲ್ಲಿ ಅವನು ಹಾಳೆಯನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದ. ಈಚೆ, ಬೋರ್ಡಿನಂಗಡಿಯ ಬಾಗಿಲಲ್ಲಿ ನಿಂತು ಅವಳು ಕಣ್ಣು ಕಿರಿದು ಮಾಡಿ ಓದಿದಳು.

"ನಾಮ."

ಓದಿ ಸುಮ್ಮನಿರಲಾರದೆ ಕೂಗಿಯೂ ಬಿಟ್ಟಳು: "ಯಾರಿಗ್ರೀ ಹಾಕೋಕೆ ಹೊರಟಿದ್ದೀರಿ?"

ಪಕ್ಕದ ಸೈಕಲ್ ಅಂಗಡಿಯವರು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು. ಹಾಳೆಯನ್ನು ಸುರುಳಿ ಸುತ್ತಿ, ರಸ್ತೆ ದಾಟದೆ ಹೊರಟುಹೋದ.

ಅಕ್ಷರ ರೂಪಿಸುವುದು ಅವನ ಕಸುಬು. ಕಂಪ್ಯೂಟರಿನಲ್ಲಿ ಹೊಸ ಫಾಂಟ್ ಮಾಡುತ್ತಿದ್ದ: ದಪ್ಪ ಮೈ, ಚೌಕದ ಆಕಾರ, ದುಂಡಗೆ ಸವರಿದ ಮೂಲೆ. ಬಳಸಿ ಬಳಸಿ ಸವೆದ ಸೋಪಿನ ಹಾಗಿವೆ ಎಂದು ಅವಳು ಛೇಡಿಸಿದಾಗ, ಹಾಗಾದರೆ ಕೈಗೆ ಹಿತವಾಗಿರುತ್ತವೆ ಬಿಡಿ ಎಂದಿದ್ದ. ದೂರದಿಂದ ಓದಲು ಬರುತ್ತದೋ ಇಲ್ಲವೋ ಎಂಬುದಕ್ಕೆ ಅವಳ ಕಣ್ಣೇ ಪರೀಕ್ಷೆ. ದಿನಕ್ಕೊಂದು ಪದ. ಓದಿಯಾದ ಮೇಲೂ ಇಬ್ಬರ ನೋಟ ಇನ್ನಷ್ಟು ಹೊತ್ತು ಅಲ್ಲೇ ನಿಲ್ಲುತ್ತಿತ್ತು. ನಡುವೆ ಬಸ್ಸು ಅಡ್ಡ ಬಂದರೆ ಇಬ್ಬರಿಗೂ ಸಿಟ್ಟು.

ನಾಮ ಎಂದು ನಕ್ಕ ಆ ದಿನದ ನಂತರ ಅವನು ಬರಲಿಲ್ಲ. ಬೋರ್ಡಿನಂಗಡಿ ನಡೆಸುತ್ತಿದ್ದ ಅವಳ ಅಕ್ಕ ಒಂದು ಸಂಬಂಧ ತಂದಳು. ಗಂಡು ಔಷಧಿ ಅಂಗಡಿಯವನು, ಒಳ್ಳೆಯ ಮನುಷ್ಯ. ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದರೆ ಈಗಲೇ ಹೇಳು ಎಂದೂ ಕೇಳಿದಳು. ಇದ್ದಾನೆ ಎನ್ನಲು ಅವನು ಬಾಯಿ ಬಿಟ್ಟು ಏನು ಹೇಳಿದ್ದ? ಬಾಗಿಲ ಕಡೆ ನೋಡಿ ನೋಡಿ, ಕೊನೆಗೆ ಅವಳು ಹೂಂ ಅಂದಳು.

ಮಾತು ಕೊಟ್ಟಾದ ಮೇಲೆ ಅವನು ಬಂದ. ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ, ಹೇಳಿ ಹೋಗೋಣ ಅಂತ ಬಂದೆ ಎಂದ. ಅವಳು ಮಾತು ಹಗುರ ಮಾಡಲು ಹೋಗಿ, ಅವತ್ತಿನ ನಾಮ ಕೊನೆಗೂ ನನಗೇ ಹಾಕಿದಿರಿ ಎಂದಳು.

"ಅದು ನಾಮ ಅಲ್ಲ, ನಾವು," ಎಂದ ಅವನು. "ಸರಿಯಾಗಿ ಓದಿಯೇ ತಮಾಷೆ ಮಾಡಿದ್ರಿ, ಇಲ್ಲ ಅನ್ನೋದನ್ನ ಹಾಗೆ ಹೇಳಿದ್ರಿ ಅಂದ್ಕೊಂಡೆ."

ಅವಳ ಕೈಯಲ್ಲಿದ್ದ ಕತ್ತರಿ ಮೆಲ್ಲನೆ ಮೇಜಿನ ಮೇಲೆ ಇಳಿಯಿತು. ಎಲ್ಲವನ್ನೂ ಚೌಕದೊಳಗೆ ಕೂರಿಸುವ ಹಟದಲ್ಲಿ ಅವನು 'ವು'ವಿನ ಕೊಂಬನ್ನು ಮೇಲೆತ್ತಿಬಿಟ್ಟಿದ್ದ. ರಸ್ತೆಯ ಈಚೆಗೆ ಅದು 'ಮ' ಆಗಿ ಕಂಡಿತ್ತು.

"ಬಾಯಲ್ಲಿ ಒಂದ್ಸಲ ಹೇಳೋಕೆ ಏನಾಗಿತ್ರೀ ನಿಮಗೆ? ನಾನು ಹೂಂ ಅಂತಿದ್ದೆ."

"ಈಗ?"

"ಈಗ ಬೇರೆಯವರಿಗೆ ಅಂದಾಗಿದೆ. ಪಾಪ, ಅವರೇನು ತಪ್ಪು ಮಾಡಿದಾರೆ?"

ಅವನು ಹೆಗಲ ಚೀಲ ಇಳಿಸಿ ಮೇಜಿನ ಬಳಿ ಕುಳಿತ. ಅವಳೂ ಸ್ಟೂಲು ಎಳೆದು ಪಕ್ಕದಲ್ಲಿ ಕುಳಿತಳು.

"ಲ್ಯಾಪ್‌ಟಾಪ್ ತೆಗೀರಿ. ಆ ಕೊಂಬು ಕೆಳಗಿಳಿಸಿ ಹೋಗಿ. ಇನ್ಯಾರೂ ತಪ್ಪು ಓದ್ಬಾರ್ದು."

ಅವನು ಕೊಂಬನ್ನು ಚೌಕದಿಂದ ಆಚೆ, ಕೆಳಕ್ಕೆ ಎಳೆದ. ಇನ್ನೂ, ಎಂದಳು. ಎಳೆದ. ಇನ್ನೂ ಸ್ವಲ್ಪ, ಎಂದಳು. ಆಗಲೇ ಅದು ಚೆನ್ನಾಗಿ ಓದಲು ಬರುತ್ತಿತ್ತು, ಇಬ್ಬರಿಗೂ ಗೊತ್ತಿತ್ತು. ಆದರೂ ಸಾಕು ಎನ್ನಲು ಅವಳಿಗೆ ಬಾಯಿ ಬರಲಿಲ್ಲ.