ಶರಣ ತಿದ್ದಿದ ಕೊನೆಯ ಅಧ್ಯಾಯ

"ನನ್ನ ಕಾದಂಬರಿ ಒಳಗಿನ ಹುಡುಗಿನ್ನ ಬದುಕಿಸಿದವರು ಯಾರ್ರಿ?"

ಬಳ್ಳಾರಿಯ ಗಾಂಧಿನಗರದ ಆ ಸಣ್ಣ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದ ಶರಣ ತಲೆ ಎತ್ತಿದ. ಬಾಗಿಲಲ್ಲಿ ಬೆವರಿನಿಂದ ತೊಯ್ದ ಹೆಣ್ಣುಮಗಳು, ಕೈಯಲ್ಲಿ ಹೊಸ ಪುಸ್ತಕ. ಮುಖ ಎಂದೂ ನೋಡಿದ್ದಲ್ಲ. ದನಿ ಮಾತ್ರ ಮೂರು ವರ್ಷದ ಪರಿಚಯ.

"ಸುನಂದಾ ಮೇಡಂ… ಒಳಗ ಬರ್ರಿ, ಕುಂದರ್ರಿ."

"ಕುಂದ್ರಾಕ ಬಂದಿಲ್ಲ ನಾನು."

ಹದಿಹರೆಯದ ಹುಡುಗಿಯರಿಗಾಗಿ ಕಾದಂಬರಿ ಬರೆಯುವ ಸುನಂದಾ ಸಿರುಗುಪ್ಪದ ಹತ್ತಿರದ ಕರೂರಿನವಳು. ಇದು ಅವಳ ಮೂರನೆಯ ಪುಸ್ತಕ. ನೋಟ್‌ಬುಕ್ಕಿನಲ್ಲಿ ಬರೆದು, ಬಳ್ಳಾರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುವಳು. ಶರಣ ಟೈಪ್ ಮಾಡುವನು, ಅಕ್ಷರ ತಿಳಿಯದಿದ್ದರೆ ಫೋನ್ ಮಾಡುವನು. ತಿಳಿದ ಅಕ್ಷರಕ್ಕೂ ಎಷ್ಟೋ ಸಲ ಮಾಡಿದ್ದಾನೆ, ಆ ಮಾತು ಬೇರೆ!

ಇಂಥವರ ಮೊದಲ ಭೇಟಿ ಹೀಗಾಗಬಾರದಿತ್ತು.

ಅಂದು ಬೆಳಿಗ್ಗೆ ಅವಳು ಕುರುಗೋಡಿನ ಹೈಸ್ಕೂಲಿಗೆ ಮಾತಾಡಲು ಹೋಗಿದ್ದಳು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಅಕ್ಕ ಆವತ್ತ ತಂಗಿನ್ನ ದವಾಖಾನಿಗೆ ಕರಕೊಂಡು ಹೋಗಿದ್ದು ಭಾಳ ಛಲೋ ಆತ್ರಿ" ಅಂದಿದ್ದಳು.

ಸುನಂದಾ ಅಲ್ಲೇ ಪುಸ್ತಕದ ಕೊನೆಯ ಪುಟ ತೆರೆದು ನೋಡಿದ್ದಳು. ಅವಳು ಬರೆದ ಕಥೆಯಲ್ಲಿ ಅಕ್ಕ ಕರೆದುಕೊಂಡು ಹೋಗುವುದಿಲ್ಲ… ತಂಗಿ ಸಾಯುತ್ತಾಳೆ!

"ಕೊನೇ ಅಧ್ಯಾಯದ ಪ್ರೂಫ್ ನನಗ ನೋಡಾಕ ಆಗಂಗಿಲ್ಲ, ನೀವ ನೋಡಿಬಿಡ್ರಿ ಅಂದಿದ್ದೆ. ನಂಬಿ ಹೇಳಿದ್ದೆ. ನೀವು ಕಥೀನ ತಿದ್ದಿಬಿಟ್ರಿ."

"ಹೌದು, ತಿದ್ದೀನಿ."

"ಅದು ಕಥಿ ಅಲ್ರಿ. ನನ್ನ ತಂಗಿ ಮೀನಾಕ್ಷಿ." ಅವಳು ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. "ಮೈ ಸುಡಾಕ ಹತ್ತಿತ್ತು. ಅಕ್ಕಾ, ದವಾಖಾನಿಗೆ ಹೋಗೂಣು ಅಂದ್ಲು. ನಾನು ಮೊದಲನೇ ಕಾದಂಬರಿ ಮುಗಿಸಾಕ ಕುಂತಿದ್ದೆ. ನಾಳೆ ಹೋಗೂಣು ಅಂದೆ. ಬೆಳಗಾಗೂದ್ರಾಗ…"

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಆ ಒಂದು 'ನಾಳೆ'ಯನ್ನು ಅವಳು ಯಾರ ಮುಂದೆಯೂ ಹೇಳಿರಲಿಲ್ಲ, ಹೆತ್ತವ್ವನ ಮುಂದೆಯೂ. ವರ್ಷಗಟ್ಟಲೆ ಧೈರ್ಯ ಕೂಡಿಸಿಕೊಂಡು ಈ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಳು.

"ನನ್ನ ತಪ್ಪು ಅಳಿಸಿ ನನ್ನ ಪುಣ್ಯವಂತಿ ಮಾಡಿಬಿಟ್ರಿ. ಆ ಹುಡುಗೇರು ನನಗ ಚಪ್ಪಾಳಿ ತಟ್ಟಿದ್ರು, ಗೊತ್ತೇನು?"

ಶರಣ ಅವಳ ನೋಟ್‌ಬುಕ್ ತೆಗೆದು, ಕೊನೆಯ ಪುಟ ಬಿಚ್ಚಿ ಮುಂದಿಟ್ಟ.

ಅವಳು ಓದಲಿಲ್ಲ. ಬರೆದವಳಿಗೆ ಗೊತ್ತಿತ್ತು. ತಂಗಿಯನ್ನು ಮಣ್ಣು ಮಾಡಿದ ಮರುದಿನ ಕಥೆಯ ಅಕ್ಕ ಒಬ್ಬಳೇ ಕಾಲುವೆಗೆ ಇಳಿಯುತ್ತಾಳೆ. ಮೇಲೆ ಬರುವುದಿಲ್ಲ.

"ಈ ಪುಟದಾಗ ಅಕ್ಷರ ಕಣ್ಣೀರಿಗೆ ಕಲಸಿಹೋಗ್ಯಾವು. ಪ್ರೂಫ್ ನೀವ ನೋಡ್ರಿ ಅಂದ ಮ್ಯಾಲೆ ಇಪ್ಪತ್ತು ದಿನ ನೀವು ಫೋನ್ ಎತ್ತಲಿಲ್ಲ. ನಿಮ್ಮೂರಾಗೂ ಕಾಲುವಿ ಐತಿ." ಶರಣ ಆ ಪುಟದ ಮೇಲೆ ಕೈಯಿಟ್ಟ. "ತಂಗಿ ಬದುಕಿದ್ರ ಅಕ್ಕ ಕಾಲುವಿಗೆ ಹೋಗಂಗಿಲ್ಲ ಅನಿಸ್ತು. ಟೈಪ್ ಮಾಡಿಬಿಟ್ಟೆ. ತಪ್ಪು ಮಾಡೀನಿ, ಬೈರಿ. ಆದ್ರ ನೀವು ಬದುಕಿರೂದು ಬೇಕಾಗಿತ್ತು ನನಗ."

'ನನ್ನ ಮನಸ್ಸಿನಲ್ಲೂ ಕಾಲುವೆ ಇದ್ದದ್ದು ಮನೆಯವರಿಗೇ ತಿಳಿಯದು, ಇವನಿಗೆ ಹೇಗೆ ತಿಳಿಯಿತು…'

ಸುನಂದಾ ಬೆಂಚಿನ ಮೇಲೆ ಕುಸಿದಳು. ತಂಗಿಯ ಮಣ್ಣಿನ ದಿನ ಎಲ್ಲರ ಮುಂದೆ ಕಲ್ಲಿನ ಹಾಗೆ ನಿಂತಿದ್ದವಳು, ರಸ್ತೆಯ ಮಂದಿ ನೋಡುತ್ತಿದ್ದರೂ ಬಾಯಿಬಿಟ್ಟು ಅತ್ತಳು.  ಶರಣ ನೀರಿನ ತಂಬಿಗೆ ಪಕ್ಕದಲ್ಲಿಟ್ಟು, ಅಳುವಷ್ಟು ಹೊತ್ತೂ ಜೊತೆಗೆ ಕೂತಿದ್ದ.

"ಮಾರಾಟಕ್ಕ ಹೋದ ಪುಸ್ತಕ ಎಲ್ಲಾ ನಾನ ವಾಪಸ್ ತರಿಸ್ತೀನಿ. ನೀವು ಓದಿ ಹೇಳ್ರಿ, ಬರದಂಗ ಟೈಪ್ ಮಾಡ್ತೀನಿ. ಒಂದಕ್ಷರ ಮುಟ್ಟಂಗಿಲ್ಲ."

ಅವಳು ಓದಿದಳು. ಆ 'ನಾಳೆ' ಬಂದಾಗ ಅವಳ ದನಿ ನಿಂತಿತು, ಅವನ ಬೆರಳೂ ನಿಂತವು. ಅವನು ಕಾದ. ಅವಳು ಮತ್ತೆ ಹೇಳಿದಳು. ಮೀನಾಕ್ಷಿ ಎರಡನೇ ಸಲ ಸತ್ತಳು, ಆದರೆ ಈ ಸಲ ದುಃಖ ಹೊರಲು ಇಬ್ಬರಿದ್ದರು.

ಕಾಲುವೆಯ ಸಾಲು ಬಂತು. ಶರಣನ ಬೆರಳು ಕೀಬೋರ್ಡಿನ ಮೇಲೆಯೇ ಇದ್ದವು. ಮಾತು ಕೊಟ್ಟಿದ್ದನಲ್ಲ.

"ಅದು ಬ್ಯಾಡ," ಅಂದಳು ಸುನಂದಾ.

"ನಾನು ಅಂದೆ ಅಂತ ಬಿಡಬ್ಯಾಡ್ರಿ…"

"ನಿಮ್ಮ ಸಲುವಾಗಿ ಅಲ್ಲ. ನಾನ ಹೇಳಾಕ ಹತ್ತೀನಿ. ತಂಗಿ ಸತ್ತದ್ದು ಇರಲಿ. ಅಕ್ಕ ಕಾಲುವಿಗೆ ಹೋಗೂದು ಬ್ಯಾಡ."

"ಮತ್ತ ಎಲ್ಲಿಗೆ ಹೋಗ್ತಾಳ?"

"ಅವ್ವನ ಹತ್ರ. ಖರೇ ಹೇಳಾಕ."

"ಒಬ್ಬಾಕೀನ?"

ಸುನಂದಾ ಕಣ್ಣೊರೆಸಿಕೊಂಡಳು. ಮೂರು ವರ್ಷದಲ್ಲಿ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ಒಬ್ಬಾಕಿಗೆ ಧೈರ್ಯ ಸಾಲಂಗಿಲ್ಲ. ನೀವು ಬರ್ತೀರೇನು, ಶರಣ?"

"ಬರ್ತೀನಿ."

"ಅವ್ವ ಭಾಳ ಅಳ್ತಾಳ. ಬೈತಾಳ…"

"ಬೈಲಿ," ಅಂದ ಶರಣ. "ಇಬ್ಬರೂ ಕೂಡಿ ಬೈಸಿಕೊಳ್ಳೂಣು."