ಸ್ಟಾಪ್ ಬಟನ್ನಿಗೆ ಅನುಮತಿ ಇರಲಿಲ್ಲ

ಸೋಮವಾರ ಮಧ್ಯಾಹ್ನ ಠಾಣೆಗೆ ಬಂದ ಹೆಂಗಸಿನ ಮುಷ್ಟಿಯಲ್ಲಿ ಗಂಡನ ಕೈಗಡಿಯಾರವಿತ್ತು. ಆಸ್ಪತ್ರೆಯವರು ಬಿಚ್ಚಿ ಕೊಟ್ಟದ್ದು.

"ಸ್ಟಾಪ್ ಒತ್ತಿದ್ರಂತೆ ಸರ್, ಮೆಷಿನ್ನು ನಿಲ್ಲಲಿಲ್ಲ. ಎರಡು ಬೆರಳು ಹೋಯ್ತು. ಈಗ ಮಾಲೀಕರು ತಪ್ಪು ಇವರದ್ದೇ ಅಂತಿದ್ದಾರೆ. ಹಾಗಂತ ಬರ್ಕೊಂಡುಬಿಟ್ರೆ ಇವರಿಗೆ ಮತ್ತೆ ಯಾರು ಕೆಲಸ ಕೊಡ್ತಾರೆ?"

ಎಫ್‌ಐಆರ್ ದಾಖಲಿಸಿದ ಇನ್ಸ್‌ಪೆಕ್ಟರ್, 'ಮೀಸೆ' ಎಂದೇ ಹೆಸರಾದ ಕಾನ್‌ಸ್ಟೆಬಲ್ ಜೊತೆ ಒಂದೂವರೆಗೆ ಕಾರ್ಖಾನೆ ತಲುಪಿದರು. ಅಲ್ಲಿ ಕಾಗದ ಕತ್ತರಿಸುವ ಯಂತ್ರಗಳನ್ನು ತಯಾರಿಸುತ್ತಾರೆ. ಅಂದು ಬೆಳಿಗ್ಗೆ ಹೊಸದೊಂದನ್ನು ಗಿರಾಕಿಗಳ ಮುಂದೆ ಓಡಿಸಿ ತೋರಿಸುವಾಗ ಈ ಅನಾಹುತ. ಪಂಚರ ಎದುರು ಪಂಚನಾಮೆ ನಡೆಯಿತು: ಓರೆಯಾಗಿ ಕತ್ತರಿಸಿದ ಕಾಗದ, ರಕ್ತದ ಕಲೆ, ಕೆಂಪು ಗುಂಡಿ, ಕಂಪ್ಯೂಟರಿನಲ್ಲಿದ್ದ ಸೆಟ್ಟಿಂಗ್‌ಗಳ ನಕಲು.

"ಇದಕ್ಕೆ ಡ್ರೈವರ್ ಬರೆದ ಹುಡುಗೀನ ಮೊದಲು ಒಳಗೆ ಹಾಕಿ," ಎಂದು ಮಾಲೀಕ ಕೂಗಾಡಿದ. "ನಿನ್ನೆ ಅವಳ ಲಾಗಿನ್‌ನಿಂದಲೇ ಬದಲಾವಣೆ ಆಗಿದೆ."

"ಡ್ರೈವರ್ರಾ? ಇದಕ್ಕೆ ಚಕ್ರ ಎಲ್ಲಿದೆ?" ಮೀಸೆ ಬಗ್ಗಿ ನೋಡಿದ.

"ಯಂತ್ರಾನ ನಡೆಸೋ ಪ್ರೋಗ್ರಾಂ ಕಣಯ್ಯಾ. ಸುಮ್ನಿರು," ಎಂದು ಇನ್ಸ್‌ಪೆಕ್ಟರ್ ಗದರಿದರು.

ಆ ಹುಡುಗಿಯೂ ಅವಳ ಅಕ್ಕನೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೆಲಸ ಮಾಡುವವರು. ಅಕ್ಕನೇ ತಂಗಿಗೆ ಕೆಲಸ ಕಲಿಸಿ ಇಲ್ಲಿಗೆ ಸೇರಿಸಿದ್ದಳು. ನಿನ್ನೆ ಭಾನುವಾರವಾದರೂ ಇಬ್ಬರೂ ಬಂದಿದ್ದರೆಂದೂ ತಂಗಿ ಬೇಗ ಹೊರಟಳೆಂದೂ ಕಾವಲುಗಾರ ಹೇಳಿದ.

ತಂಗಿಯ ಕಣ್ಣು ಅತ್ತು ಊದಿತ್ತು.

"ಒಳಗೆ ಎರಡು ಥ್ರೆಡ್ ಇದಾವೆ ಸರ್. ಅಂದ್ರೆ ಒಟ್ಟೊಟ್ಟಿಗೆ ನಡೆಯೋ ಎರಡು ಕೆಲಸ. ಒಂದು ಕಾಗದ ತಳ್ಳುತ್ತೆ, ಇನ್ನೊಂದು ಬ್ಲೇಡ್ ಇಳಿಸುತ್ತೆ. ಒಂದು ಮುಗಿಯೋವರೆಗೂ ಇನ್ನೊಂದು ಕಾಯ್ಲಿ ಅಂತ ನಡುವೆ ಬೀಗ ಹಾಕಿದ್ದೆ. ಆ ಬೀಗಾನ ಯಾರೋ ತೆಗೆದಿದ್ದಾರೆ."

"ಕಾಗದ ಓರೆ ಆಗಿದ್ದು ಅದಕ್ಕೇ?"

"ಹೌದು. ಆಪರೇಟರ್ ಅಣ್ಣ ಸ್ಟಾಪ್ ಒತ್ತಿ, ನಿಲ್ತು ಅಂದ್ಕೊಂಡು ಕಾಗದ ಎಳೆಯೋಕೆ ಕೈ ಹಾಕಿದ್ರು."

"ಯಾಕೆ ನಿಲ್ಲಲಿಲ್ಲ?"

"ಯಂತ್ರಕ್ಕೆ ಏನೇ ಹೇಳ್ಬೇಕಂದ್ರೂ ಒಂದು ಫೈಲಿಗೆ ಬರೀಬೇಕು. ಮುಖ್ಯ ಪ್ರೋಗ್ರಾಮಿಗೂ ಸ್ಟಾಪ್ ಬಟನ್ನಿಗೂ ಬರೆಯೋ ಅನುಮತಿ ಕೊಟ್ಟಿದ್ದೆ. ಈಗ ಬಟನ್ನಿನ ಅನುಮತಿ ಹೋಗಿದೆ. ಮೊದಲು ಬಟನ್ನಿಗೆ ನೇರ ಕರೆಂಟೇ ಕಡಿಯೋ ಬೇರೆ ತಂತಿ ಇತ್ತು. ನೋಡೋಕೆ ಚೆಂದ ಇರಲ್ಲ ಅಂತ ಮಾಲೀಕರೇ ಹೋದ ತಿಂಗಳು ತೆಗೆಸಿದ್ರು."

"ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತಮ್ಮಾ?"

ಅವಳು ಉಗುರು ಕಚ್ಚಿದಳು. "ಸೇರಿದ ದಿನ ಅಕ್ಕನೇ ಹಾಕಿಕೊಟ್ಟಿದ್ದು. ಆದ್ರೆ ಅಕ್ಕ ಅಂಥವಳಲ್ಲ ಸರ್."

ನಾಲ್ಕಕ್ಕೆ ಅಕ್ಕನ ವಿಚಾರಣೆ. ಇನ್ಸ್‌ಪೆಕ್ಟರ್ ಬೇರೊಂದು ಕಂಪ್ಯೂಟರನ್ನು ಅವಳತ್ತ ತಿರುಗಿಸಿದರು.

"ಆ ಫೈಲಿನ ಅನುಮತಿ ಹೇಗಿರಬೇಕು? ಮಾಡಿ ತೋರಿಸಿ."

ಬೆರಳುಗಳು ಪಟಪಟ ಓಡಿದವು. ಮುಖ್ಯ ಪ್ರೋಗ್ರಾಮಿಗೆ ಮಾತ್ರ ಅನುಮತಿ, ಉಳಿದದ್ದೆಲ್ಲ ಬಂದ್. ಪಂಚನಾಮೆಯಲ್ಲಿದ್ದ ನಕಲಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಸ್ಟಾಪ್ ಬಟನ್ನಿಗೆ?"

"ಅದಕ್ಕೆ ಬೇರೆ ತಂತಿ ಇದೆಯಲ್ಲ."

"ಹೋದ ತಿಂಗಳೇ ತೆಗೆದ್ರು."

ಅವಳ ಮುಖ ಬಿಳಿಚಿಕೊಂಡಿತು. ಕೈ ಕೀಲಿಮಣೆಯ ಮೇಲೆಯೇ ಉಳಿಯಿತು.

"ಬೀಗ ತೆಗೆದಿದ್ದು ಸಾಲ್ದು ಅಂತ ಅನುಮತಿ ಯಾಕೆ ಮುಟ್ಟಿದ್ರಿ?"

ಅವಳು ಕೀಲಿಮಣೆಯನ್ನು ದೂರ ತಳ್ಳಿದಳು. "ಅವಳು ಅದನ್ನ ಸಡಿಲ ಬಿಟ್ಟಿದ್ದು ಕಣ್ಣಿಗೆ ಬಿತ್ತು. ಯಾರಿಗೆ ಎಷ್ಟು ಬೇಕೋ ಅಷ್ಟೇ ಕೊಡು ಅಂತ ಕಲಿಸಿದ್ದೇ ನಾನು. ನೋಡಿ ಸುಮ್ನಿರೋಕಾಗದೆ ಸರಿ ಮಾಡ್ಬಿಟ್ಟೆ."

ಕೆಡಿಸಲು ಹೋದವಳು ತಂಗಿಯ ಕೆಲಸವನ್ನು ತಿದ್ದಿಯೂ ಬಂದಿದ್ದಳು!

"ಇಲ್ಲಿ ನೋಡಿದ್ರೂ ಅವಳು, ಮನೇಲಿ ನೋಡಿದ್ರೂ ಅವಳು. ಊಟಕ್ಕೆ ಕೂತ್ರೆ ಅಮ್ಮ, 'ತಂಗಿ ಹೇಗೆ ಮುಂದೆ ಬಂದ್ಳು ನೋಡು' ಅಂತಾರೆ. ಹೊಟ್ಟೆ ಉರಿದುಹೋಯ್ತು ಸರ್. ನಾಲ್ಕು ಜನರ ಮುಂದೆ ಕಾಗದ ಓರೆ ಆಗ್ಲಿ, ಒಂದ್ಸಲ ಅವಳ ಮುಖ ಸಣ್ಣಗಾಗ್ಲಿ ಅಂತಷ್ಟೇ. ಬೆರಳು ಹೋಗ್ಲಿ ಅಂತ ಅಲ್ಲ."

ಐದು ಗಂಟೆಗೆ ಬಂಧನವಾಯಿತು. ತಂತಿ ತೆಗೆಸಿದ ಮಾಲೀಕನ ಮೇಲೂ ನಿರ್ಲಕ್ಷ್ಯದ ಪ್ರಕರಣ ಬಿತ್ತು. ಮೀಸೆ ಆಸ್ಪತ್ರೆಗೆ ಫೋನ್ ಮಾಡಿ, "ನಿಮ್ಮ ಯಜಮಾನರದ್ದು ಏನೂ ತಪ್ಪಿಲ್ಲಮ್ಮ, ಹಾಗಂತಲೇ ಬರೆದಿದ್ದೀವಿ" ಎಂದ. ಆ ಕಡೆಯಿಂದ ಅಳು ಮಾತ್ರ ಕೇಳಿಸಿತು.

ಜೀಪಿನ ಬಳಿ ನಿಂತಿದ್ದ ತಂಗಿಯನ್ನು ಇನ್ಸ್‌ಪೆಕ್ಟರ್ ಕೇಳಿದರು: "ಅಕ್ಕಪಕ್ಕ ಕೂರ್ತೀರಿ, ಒಂದೇ ಮನೇಲಿದ್ದೀರಿ. ತಂತಿ ತೆಗೆದಿದ್ದು ಅಕ್ಕಂಗೆ ಹೇಳಿರಲಿಲ್ವಾ?"

"ಹೇಳೋಕೆ ಹೋದೆ ಸರ್. 'ನಿನ್ನ ಮೆಷಿನ್ ಪುರಾಣ ನಂಗೆ ಬೇಡ' ಅಂತ ದೀಪ ಆರಿಸಿ ಮಲಗಿಬಿಟ್ಲು."

ಜೀಪಿನೊಳಗೆ ಕೂತಿದ್ದ ಅಕ್ಕನಿಗೆ ಅದು ಕೇಳಿಸಿತು. ಅವಳು ತಂಗಿಯ ಕಡೆ ತಿರುಗಲಿಲ್ಲ.